ಟ್ರ್ಯಾಕ್ಟರ್ ಬರಕೂಡದು

ಹೊಸ ಗಾಡಿಯನ್ನು ಒರೆಸಿ, ಹೊಳೆಯುವ ಹಾಗೆ ಮಾಡಿ, ಹಾರ ಹಾಕಿ ಕೊಡುವುದು ನಮ್ಮ ಶೋರೂಮಿನಲ್ಲಿ ಉಳಿದವರ ಕೆಲಸ. ಅದೇ ಗಾಡಿಯನ್ನು ಕೆಸರಿಗಿಳಿಸಿ, ದಿಬ್ಬ ಹತ್ತಿಸಿ, ಗಿರಾಕಿಗಳ ಎದೆ ಝಲ್ಲೆನಿಸುವುದು ನನ್ನ ಕೆಲಸ. ಇಂಥ ಕೆಲಸದಲ್ಲಿ ಭಾನುವಾರಕ್ಕೊಂದಾದರೂ ನಗುವ ಸಂಗತಿ ನಡೆಯದೆ ಇರುವುದಿಲ್ಲ. ನಡೆಯದಿದ್ದರೆ ಅವತ್ತು ನಾನು ರಜ ಹಾಕಿದ್ದೆ ಎಂದರ್ಥ.

ಇಪ್ಪತ್ತೆರಡು ವರ್ಷ ಡೀಸೆಲ್ ಜೀಪು ಓಡಿಸಿದವನು ನಾನು. ಸೊಂಟ ಕೈಕೊಟ್ಟ ಮೇಲೆ ಮೈಸೂರಿನ ಒಂದು ಎಲೆಕ್ಟ್ರಿಕ್ ಕಾರಿನ ಶೋರೂಮಿಗೆ ಸೇರಿದೆ. ಮೊದಲು ಹಿಂದುಗಡೆಯ ಯಾರ್ಡಿನಲ್ಲಿ ಗಾಡಿ ತೊಳೆಯುವುದು, ನಂಬರ್ ಪ್ಲೇಟ್ ಕೂರಿಸುವುದು ಇಷ್ಟೇ ಕೆಲಸ. ಆಮೇಲೆ ನಾಲ್ಕೂ ಚಕ್ರಕ್ಕೆ ಮೋಟಾರಿನ ಬಲ ಇರುವ ದೊಡ್ಡ ಎಸ್‌ಯುವಿ ಬಂತು. ಬಂದವರೆಲ್ಲ ಕೇಳುವುದು ಒಂದೇ ಮಾತು: "ಬ್ಯಾಟರಿ ಗಾಡಿ ಕೆಸರಲ್ಲಿ ಹೋಗುತ್ತಾ?" ಕೇಳಿಸಿಕೊಂಡು ಸಾಕಾದ ನಮ್ಮ ಮಾಲೀಕರು ದಟ್ಟಗಳ್ಳಿ ದಾಟಿ, ರಿಂಗ್ ರೋಡಿನ ಆಚೆ, ಹಿಂದೆ ಇಟ್ಟಿಗೆ ಗೂಡಿದ್ದ ಒಂದು ಜಾಗವನ್ನು ಬಾಡಿಗೆಗೆ ಹಿಡಿದರು. ಮಣ್ಣು ತೆಗೆದೂ ತೆಗೆದೂ ಅಲ್ಲಿ ಬರೀ ಗುಂಡಿ, ದಿಬ್ಬ, ನಿಂತ ನೀರು. ನಮಗೆ ಬೇಕಾಗಿದ್ದೂ ಅದೇ.

ಮೊದಲ ದಿನವೇ ಮಾಲೀಕರು ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡು ಹೇಳಿದರು: "ನೋಡಪ್ಪಾ, ಗಾಡೀನ ಹೆಂಗಾದ್ರೂ ಓಡಿಸು. ಆದ್ರೆ ಅದನ್ನ ಟ್ರ್ಯಾಕ್ಟರ್ ತಂದು ಎಳೆಸೋ ಹಾಗಾಗಬಾರದು. ಎಲ್ಲರ ಕೈಲೂ ಮೊಬೈಲಿದೆ. ಒಂದೇ ಒಂದು ಸಲ ಎಳೆಸಿದ್ಯೋ, ಅವತ್ತೇ ಈ ಗೇಟಿಗೆ ಬೀಗ. ನೀನು ವಾಪಸ್ ಯಾರ್ಡಿಗೆ."

ಐವತ್ತು ದಾಟಿದ ಮೇಲೆ ಮತ್ತೆ ಕೈಗೆ ಸ್ಟೀರಿಂಗ್ ಸಿಕ್ಕಿತ್ತು. ಅದನ್ನು ಬಿಟ್ಟು ಯಾರ್ಡಿನಲ್ಲಿ ನೀರಿನ ಪೈಪು ಹಿಡಿಯಲು ಮನಸ್ಸಿರಲಿಲ್ಲ. ನನ್ನ ಗ್ರಹಚಾರಕ್ಕೆ ಪಕ್ಕದ ಹೊಲದವನ ಹತ್ತಿರ ಟ್ರ್ಯಾಕ್ಟರ್ ಇತ್ತು. ಊರವರ ಹೊಲಗಳನ್ನು ಬಾಡಿಗೆಗೆ ಉಳುವುದು ಅವನ ಕಸುಬು. ಭಾನುವಾರ ಬಿಡುವು ಮಾಡಿಕೊಂಡು ಟ್ರ್ಯಾಕ್ಟರನ್ನು ಬದುವಿನ ಮೇಲೆ ನಿಲ್ಲಿಸಿ, ಅದರ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದ. ನಾನು ಸ್ವಲ್ಪ ನಿಧಾನ ಮಾಡಿದರೆ ಸಾಕು, ಅಲ್ಲಿಂದಲೇ ಕೂಗುತ್ತಿದ್ದ: "ಡ್ರೈವರಣ್ಣಾ, ಎಳೀಬೇಕಾ?"

ಬಾನೆಟ್ಟಿನೊಳಗೆ

ವಿದ್ಯಾರಣ್ಯಪುರದ ಒಬ್ಬ ಗಿರಾಕಿ ತಮ್ಮ ಸೋದರಮಾವನನ್ನು ಕರೆದುಕೊಂಡು ಬಂದಿದ್ದರು. ಮಾವ ನಲವತ್ತು ವರ್ಷ ಲಾರಿಗಳ ಡೀಸೆಲ್ ಪಂಪು ರಿಪೇರಿ ಮಾಡಿದವರು. ಆ ಮನೆಯಲ್ಲಿ ಯಾರೇ ಗಾಡಿ ತೆಗೆದುಕೊಳ್ಳಲಿ, ಮಾವ ಹೂಂ ಅಂದರೆ ಮಾತ್ರ.

ಅವರು ಗಾಡಿಯ ಸುತ್ತ ಎರಡು ಸುತ್ತು ಬಂದರು. ಚಕ್ರಕ್ಕೆ ಕಾಲಿನಿಂದ ಒಂದು ಒದ್ದರು. ಬಗ್ಗಿ ಕೆಳಗೆ ನೋಡಿದರು. ಹೊಗೆ ಕೊಳವೆ ಕಾಣದೆ ಹುಬ್ಬು ಗಂಟಿಕ್ಕಿದರು. ಆಮೇಲೆ, "ಬಾನೆಟ್ ಎತ್ತಿ" ಅಂದರು.

ಈ ಗಾಡಿಗೆ ಮುಂದುಗಡೆ ಇಂಜಿನ್ ಇರುವುದಿಲ್ಲ, ಸಾಮಾನು ಇಡುವ ಒಂದು ತೊಟ್ಟಿ ಇರುತ್ತದೆ. ಅದನ್ನು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಬಾನೆಟ್ ಎತ್ತಿದೆ. ಒಳಗೆ ನನ್ನ ಕೊಡೆ, ಒಂದು ಟವೆಲ್ಲು, ಹೆಂಡತಿ ಕಟ್ಟಿಕೊಟ್ಟ ಊಟದ ಡಬ್ಬಿ. ಮಾವ ಬಹಳ ಹೊತ್ತು ನೋಡಿದರು. ಕೈ ಹಾಕಿ ಡಬ್ಬಿಯ ಮುಚ್ಚಳ ತೆಗೆದರು. ಮುಚ್ಚಿದರು. ಅಳಿಯನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಗುಟ್ಟಾಗಿ ಹೇಳಿದರು. ನಲವತ್ತು ವರ್ಷ ಲಾರಿಗಳ ಸದ್ದಿನ ನಡುವೆ ಬದುಕಿದವರ ಗುಟ್ಟು ಗೇಟಿನವರೆಗೂ ಕೇಳಿಸಿತು:

"ಲೋ, ಇಂಜಿನ್ ಬಿಚ್ಕೊಂಡು ಚಿತ್ರಾನ್ನ ಇಟ್ಟವ್ರೆ ಕಣೋ. ನಡಿ ಹೋಗೋಣ."

ಭಾನುವಾರ ನಾಲ್ಕೂವರೆ

ಸಂತೆಪೇಟೆಯಲ್ಲಿ ಅಂಗಡಿ ಇಟ್ಟುಕೊಂಡ, ಮಠಕ್ಕೆ ನಡೆದುಕೊಳ್ಳುವ ದೊಡ್ಡ ಮನೆತನದವರು ಒಂದು ಸಂಜೆ ಬಂದರು. ತಾತ, ಮಗ, ಸೊಸೆ, ಮೊಮ್ಮಗ. ಓಡಿಸುವವನು ಮೊಮ್ಮಗ, ತೀರ್ಮಾನ ತಾತನದು. ತಾತ ಬರುವಾಗಲೇ ಸೇವಂತಿಗೆ ಹಾರ ಮತ್ತು ವಿಭೂತಿ ಗಟ್ಟಿ ತಂದಿದ್ದರು.

"ತಾತಾ, ಇದು ಡೆಮೊ ಗಾಡಿ. ಪೂಜೆ ಎಲ್ಲ ನಿಮ್ಮ ಗಾಡಿ ಬಂದಾಗ ಮಾಡೋಣ" ಅಂದೆ.

"ಗಾಡಿ ಡೆಮೊ ಇರಬಹುದಪ್ಪಾ, ಒಳಗೆ ಕೂರೋ ಜೀವಗಳು ಡೆಮೊ ಅಲ್ವಲ್ಲ" ಅಂದರು.

ಗಾಡಿಯ ಮೂತಿಯಲ್ಲಿ ಎದುರಿಗೆ ಏನಿದೆ ಎಂದು ಅಳೆಯುವ ಸೆನ್ಸರುಗಳಿರುತ್ತವೆ. ಅಡ್ಡ ಏನಾದರೂ ಕಂಡರೆ ಗಾಡಿ ತಾನಾಗಿಯೇ ಬ್ರೇಕ್ ಹಾಕುತ್ತದೆ. ತಾತ ಮೂರು ಬೆರಳಿನಲ್ಲಿ ವಿಭೂತಿ ಎಳೆದದ್ದು ಸರಿಯಾಗಿ ಅಲ್ಲೇ. ಹಾರ ಇಳಿಬಿಟ್ಟದ್ದೂ ಅಲ್ಲೇ. ಗಾಡಿ ಗುಂಡಿಯ ಅಂಚಿಗೆ ಬಂತು, ಹಾರ ಜೋಲಾಡಿತು, ಗಾಡಿ ಕೀಂ ಕೀಂ ಎಂದು ನಿಂತಿತು. ಮೊಮ್ಮಗ ಮತ್ತೆ ಒತ್ತಿದ. ಮತ್ತೆ ನಿಂತಿತು. ದೂರದ ಬದುವಿನಿಂದ ಕೂಗು ಕೇಳಿಸಿತು: "ಡ್ರೈವರಣ್ಣಾ, ಎಳೀಬೇಕಾ?"

ಕಾರಣ ನನಗೆ ಗೊತ್ತಿತ್ತು. ಆದರೆ ವಿಭೂತಿಯಿಂದ ತೊಂದರೆಯಾಗಿದೆ ಎಂದು ಆ ಹಿರಿಯರಿಗೆ ಯಾವ ಬಾಯಲ್ಲಿ ಹೇಳಲಿ? ಗಂಟಲು ಸರಿಮಾಡಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ತಾತ ಗಡಿಯಾರ ನೋಡಿಕೊಂಡು ಹಣೆ ಚಚ್ಚಿಕೊಂಡರು. "ನಾಲ್ಕೂವರೆ! ಇಷ್ಟು ಜನ ಓದಿದೋರು ಕೂತಿದೀರ, ಒಬ್ಬರಿಗಾದ್ರೂ ರಾಹುಕಾಲ ಅಂತ ಜ್ಞಾಪಕ ಬಂತಾ? ಗಾಡಿಗೆ ಬಂತು ನೋಡಿ!"

ಮಾರನೆಯ ದಿನ ಬುಕ್ ಮಾಡಿದರು. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಯಮಗಂಡ ಕಾಲಕ್ಕೂ ಇದು ನಿಲ್ಲುತ್ತಲ್ವಾ?"

ನೀರಿಗಿಳಿಯುವ ಮುನ್ನ

ಚಾಮರಾಜಪುರಂನಿಂದ ಗಂಡ, ಹೆಂಡತಿ ಮತ್ತು ಗಂಡನ ತಾಯಿ ಬಂದಿದ್ದರು. ತಾಯಿಯವರ ಕೈಯಲ್ಲಿ ಒಂದು ಬಟ್ಟೆ ಚೀಲ. ಗಾಡಿಯನ್ನು ಮೊಣಕಾಲುದ್ದ ನೀರಿನಲ್ಲಿ ದಾಟಿಸಿ ತೋರಿಸುತ್ತೇನೆ ಎಂದ ಕೂಡಲೇ ಅವರು ಚೀಲ ಬಿಚ್ಚಿದರು. ಒಳಗೆ ಹೊಸ ರಬ್ಬರ್ ಚಪ್ಪಲಿಗಳು, ಬಚ್ಚಲಿಗೆ ಹಾಕಿಕೊಳ್ಳುತ್ತಾರಲ್ಲ ಅಂಥವು.

"ಅಷ್ಟು ದೊಡ್ಡ ಬ್ಯಾಟರಿ, ಸುತ್ತ ನೀರು. ಇಸ್ತ್ರಿ ಪೆಟ್ಟಿಗೆ ಮುಟ್ಟೋವಾಗ್ಲೇ ನಾನು ಚಪ್ಪಲಿ ಇಲ್ದೆ ಮುಟ್ಟಲ್ಲ" ಅಂದರು.

"ಅಮ್ಮಾ, ಎಲ್ಲಾ ಸೀಲ್ ಆಗಿದೆ, ಏನೂ ಆಗಲ್ಲ" ಎಂದು ಮಗ ಹೇಳಿದ.

"ನಿಮ್ಮಪ್ಪನೂ ಗೀಸರ್ ಬಗ್ಗೆ ಹಿಂಗೇ ಹೇಳಿದ್ರು" ಅಂದರು. ಮಗ ತೆಪ್ಪಗೆ ಬೂಟು ಬಿಚ್ಚಿದ. ಸೊಸೆಯೂ ಹಾಕಿಕೊಂಡಳು. ನಾನು ಸೀಟಿಗೆ ಹತ್ತುವಾಗ ನನ್ನ ಕಾಲಿನ ಚರ್ಮದ ಬೂಟಿನ ಮೇಲೆ ಅವರ ಕಣ್ಣು ಬಿತ್ತು. "ನಿಮ್ಗೂ ಒಂದು ಜೊತೆ ತಂದಿದೀನಿ ಕಣ್ರೀ. ನೀವೇ ಅಲ್ವಾ ಮೊದಲು ಹೋಗೋದು?"

ಮೊದಲು ಎಲ್ಲಿಗೆ ಹೋಗುವುದು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಗುಲಾಬಿ ಬಣ್ಣದ ಚಪ್ಪಲಿ ಮೆಟ್ಟಿ, ಆ ಗಾಡಿಯನ್ನು ನೀರಿಗಿಳಿಸಿ ಆಚೆ ದಡಕ್ಕೆ ಹತ್ತಿಸಿದೆ. ಒಂದು ಹನಿಯೂ ಒಳಗೆ ಬರಲಿಲ್ಲ. ಮಗ ಹಿಂದಕ್ಕೆ ತಿರುಗಿ, "ನೋಡಿದ್ಯಾಮ್ಮಾ? ಏನಾದ್ರೂ ಆಯ್ತಾ?" ಎಂದು ಕೇಳಿದ.

"ಹೆಂಗಾಗತ್ತೆ? ಎಲ್ಲರ ಕಾಲಲ್ಲೂ ಚಪ್ಪಲಿ ಇತ್ತಲ್ಲ!"

ನಮ್ಮ ಕ್ರಾಸಿಗೆ ಬನ್ನಿ

ದಟ್ಟಗಳ್ಳಿಯ ಕಡೆ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡ ಒಬ್ಬರು ಲೆಕ್ಚರರ್ ಮೇಡಂ ಒಬ್ಬರೇ ಬಂದರು. ನಾನು ಎಂದಿನಂತೆ, ಹೆದರಬೇಡಿ, ನಾನು ಪಕ್ಕದಲ್ಲೇ ಇರುತ್ತೇನೆ ಎಂದು ಧೈರ್ಯ ಹೇಳಿ ಸ್ಟೀರಿಂಗ್ ಕೊಟ್ಟೆ. ಅವರು ಗುಂಡಿ ಇಳಿದರು, ದಿಬ್ಬ ಹತ್ತಿದರು, ಒಂದು ಚಕ್ರ ಗಾಳಿಯಲ್ಲಿ ಎದ್ದಾಗಲೂ ಮಗಳ ಟ್ಯೂಷನ್ ಬಗ್ಗೆ ಮಾತಾಡುತ್ತಿದ್ದರು. ಸಾಮಾನ್ಯವಾಗಿ ಅಲ್ಲಿ ಜನ ದೇವರನ್ನು ಕರೆಯುತ್ತಾರೆ.

"ಮೇಡಂ, ನೀವು ಮೊದಲೇ ಕಲಿತಿದೀರಾ?"

"ಇಲ್ಲಪ್ಪ. ನಮ್ಮ ಕ್ರಾಸಲ್ಲಿ ದಿನಾ ಸ್ಕೂಟರಲ್ಲಿ ಇದನ್ನೇ ಮಾಡೋದು. ಇದಕ್ಕಿಂತ ಅದು ಕಷ್ಟ. ಗಾಡಿ ಅಲ್ಲಿ ಹೋಗುತ್ತಾ ಅನ್ನೋದೇ ನನ್ನ ಪ್ರಶ್ನೆ. ಬನ್ನಿ, ಹೋಗಿ ನೋಡೇಬಿಡೋಣ."

ಹೋದೆವು, ರಸ್ತೆಯಲ್ಲಿ ನಾನೇ ಓಡಿಸಿದೆ. ಮೊದಲು ನೀರಿನ ಪೈಪಿಗೆಂದು ಅಗೆದಿದ್ದರಂತೆ. ಅದನ್ನು ಮುಚ್ಚಿದ ಮೇಲೆ ಒಳಚರಂಡಿಗೆಂದು ಅಗೆದಿದ್ದರಂತೆ. ಅದನ್ನು ಮುಚ್ಚಿದ ಹಾಗೆ ಮಾಡಿದ್ದರು. ರಸ್ತೆಯ ಮಧ್ಯೆ ಒಳಚರಂಡಿಯ ಚೇಂಬರ್ ಒಂದು ಮಾತ್ರ ಆಳೆತ್ತರಕ್ಕೆ ಎದ್ದು ನಿಂತಿತ್ತು, ಮುಂದೆ ಯಾವತ್ತೋ ರಸ್ತೆ ಆ ಎತ್ತರಕ್ಕೆ ಬರುತ್ತದೆ ಎಂಬ ನಂಬಿಕೆಯಿಂದ. ನಾನು ಕ್ರಾಸಿನ ಬಾಯಲ್ಲೇ ಗಾಡಿ ನಿಲ್ಲಿಸಿದೆ. ಮಾಲೀಕರ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಇಲ್ಲಿ ಸಿಕ್ಕಿಹಾಕಿಕೊಂಡರೆ ನೋಡಲು ಇಡೀ ಬೀದಿ ಇತ್ತು.

"ಮೇಡಂ, ಇದು ನಮ್ಮ ಡೆಮೊ ರೂಟಲ್ಲಿ ಬರಲ್ಲ" ಎಂದು ಮೆಲ್ಲಗೆ ಅಂದೆ.

ಮೇಡಂ ನನ್ನನ್ನು ಕನಿಕರದಿಂದ ನೋಡಿದರು. "ಭಯ ಆಗ್ತಿದ್ರೆ ನೀವು ಇಳೀರಿ. ನಾನು ಮನೆ ಮುಂದೆ ಹಾಕಿ ಬರ್ತೀನಿ."

ಇಪ್ಪತ್ತೆರಡು ವರ್ಷದ ಅನುಭವದವನು ಇಳಿದುಕೊಂಡೆ.

ಫೋಟೋ

ಈಗ ಆಗಬಾರದ್ದು ಆದ ಕಥೆ. ಒಂದು ಬುಧವಾರ, ಹಿಂದಿನ ದಿನ ಜೋರು ಮಳೆಯಾಗಿತ್ತು. ಭಾನುವಾರದ ಹೊತ್ತಿಗೆ ಜಾಗ ಹೇಗಿದೆ ಎಂದು ನೋಡಿ ಬರಲು ಹೊರಟೆ. ಶೋರೂಮಿನ ಪೇಜಿಗೆ ಒಂದೆರಡು ಫೋಟೋ ಬೇಕು ಎಂದು ರಿಸೆಪ್ಷನ್ ಮೇಡಂ ಜೊತೆಗೆ ಬಂದರು.

ಎರಡು ದಿಬ್ಬಗಳ ನಡುವೆ ಒಂದು ಓಣಿಯಿದೆ. ಅದರ ತುದಿಯಲ್ಲಿ ಏರು. ಮುಂದಿನ ಚಕ್ರಗಳು ಏರು ಹತ್ತಿದವು, ಹಿಂದಿನವು ಕೆಸರಿನಲ್ಲಿ ಹೂತವು. ಗಾಡಿ ಮೂತಿ ಎತ್ತಿಕೊಂಡು ಕೂತುಬಿಟ್ಟಿತು. ಏನು ಮಾಡಿದರೂ ಅಲುಗಲಿಲ್ಲ. ಡೀಸೆಲ್ ಜೀಪಾಗಿದ್ದರೆ ಕನಿಷ್ಠ ಗುರ್ ಎಂದು ಗೋಳಾದರೂ ಹೇಳಿಕೊಳ್ಳುತ್ತಿತ್ತು. ಇದು ಸದ್ದಿಲ್ಲದೆ ಇನ್ನೂ ಒಂದು ಗೇಣು ಕೆಳಗೆ ಹೋಯಿತು.

ಪಕ್ಕದ ಹೊಲದಲ್ಲೇ ಇದ್ದ ಟ್ರ್ಯಾಕ್ಟರಿನವನು ಅವತ್ತು "ಎಳೀಬೇಕಾ" ಎಂದು ಕೇಳಲೂ ಇಲ್ಲ. ಟ್ರ್ಯಾಕ್ಟರ್ ತಂದೇಬಿಟ್ಟ. ಓಣಿಯಲ್ಲಿ ಟ್ರ್ಯಾಕ್ಟರ್ ತಿರುಗಿಸಲು ಜಾಗವಿರಲಿಲ್ಲ. ಮೂತಿ ಮುಂದೆ ಮಾಡಿಕೊಂಡೇ ನನ್ನ ಹಿಂದಕ್ಕೆ ಬಂದು, ತನ್ನ ಮುಂದಿನ ಕೊಕ್ಕೆಗೂ ನನ್ನ ಹಿಂದಿನ ಕೊಕ್ಕೆಗೂ ಹಗ್ಗ ಬಿಗಿದು, ರಿವರ್ಸಿನಲ್ಲಿ ಎಳೆದ. ನಾನೂ ರಿವರ್ಸ್ ಹಾಕಿದೆ. ಐದು ನಿಮಿಷದಲ್ಲಿ ಗಾಡಿ ಆಚೆ ಬಂತು. "ಬುಡಿ ಅಣ್ಣ, ಇದಕ್ಕೆಲ್ಲ ಏನು" ಅಂದು ಹಗ್ಗ ಸುತ್ತಿಕೊಂಡು ಹೊರಟ.

ಎಳೆಯುತ್ತಿದ್ದಾಗ ರಿಸೆಪ್ಷನ್ ಮೇಡಂ ಒಂದು ಫೋಟೋ ತೆಗೆದಿದ್ದರು. ಅದರಲ್ಲಿ ಮುಂದೆ ನಮ್ಮ ಗಾಡಿ, ಮೂತಿ ಎತ್ತಿ ಏರು ಹತ್ತುತ್ತಿದೆ. ಹಗ್ಗದ ತುದಿಯಲ್ಲಿ, ಹಿಂದೆ, ಟ್ರ್ಯಾಕ್ಟರ್. ಅವರು ಅದನ್ನು "ಇಂದು ನಮ್ಮ ಟ್ರ್ಯಾಕಿನಲ್ಲಿ" ಎಂದಷ್ಟೇ ಬರೆದು ಹಾಕಿದರು. ಸಂಜೆಯೊಳಗೆ ಅದು ವಾಟ್ಸಾಪ್ ಗುಂಪುಗಳಲ್ಲಿ ತಿರುಗಿ, "ಟ್ರ್ಯಾಕ್ಟರನ್ನೇ ಎಳೆದ ಬ್ಯಾಟರಿ ಗಾಡಿ" ಎಂದಾಗಿತ್ತು. ನಾನು ಮಾಲೀಕರಿಗೆ ನಿಜ ಹೇಳಲೆಂದೇ ಬೆಳಿಗ್ಗೆ ಬೇಗ ಹೋದೆ. ಅಷ್ಟರಲ್ಲಿ ಅವರು ಆ ಫೋಟೋವನ್ನು ಬಾಗಿಲಿನಷ್ಟು ದೊಡ್ಡದಾಗಿ ಮಾಡಿಸಲು ಕಳಿಸಿಯಾಗಿತ್ತು. ನನ್ನ ಬೆನ್ನು ತಟ್ಟಿದರು. ನಾನು ನಿಜ ಹೇಳದೆಯೇ ಗಾಡಿ ತೆಗೆದುಕೊಂಡು ಹೊರಟೆ.

ಎಳೆದವನು ಯಾರು

ಹತ್ತು ದಿನವಾದ ಮೇಲೆ ಟ್ರ್ಯಾಕ್ಟರಿನವನು ಬಿಳಿ ಶರಟು ಹಾಕಿಕೊಂಡು ಶೋರೂಮಿಗೆ ಬಂದ. ಗೋಡೆಯ ಮೇಲಿನ ಫೋಟೋ ನೋಡುತ್ತಾ ನಿಂತ. ನಾನು ಹತ್ತಿರ ಹೋದೆ.

"ಡ್ರೈವರಣ್ಣ, ಊರಲ್ಲಿ ಎಲ್ರೂ ನಗ್ತಾವ್ರೆ. ಕಾರ್ ಕೈಲಿ ಎಳಿಸ್ಕೊಂಡ ಟ್ರ್ಯಾಕ್ಟರು ಹೊಲ ಉಳ್ತದಾ ಅಂತವ್ರೆ. ಮೂರು ಜನ ಆಗ್ಲೇ ಬ್ಯಾರೆಯೋರ್ನ ಕರ್ಸ್ಕೊಂಡ್ರು. ಎಳ್ದೋನು ನಾನು ಕಣಣ್ಣ. ನಿಮಗೆ ಗೊತ್ತಲ್ವಾ?"

ಕರೆಯದೆಯೇ ಬಂದು ಕಾಪಾಡಿದವನ ಮಾನವನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿ ನಾನು ನನ್ನ ಕೆಲಸ ಉಳಿಸಿಕೊಂಡಿದ್ದೆ. ಯಾರ್ಡಾದರೆ ಯಾರ್ಡು ಎಂದುಕೊಂಡು ಸೀದಾ ಮಾಲೀಕರ ಕೋಣೆಗೆ ಹೋಗಿ ಎಲ್ಲ ಹೇಳಿಬಿಟ್ಟೆ.

ಮಾಲೀಕರು ಕನ್ನಡಕ ತೆಗೆದು ಒರೆಸಿಕೊಂಡರು. "ಗೊತ್ತಿತ್ತು. ಫೋಟೋದಲ್ಲಿ ನಮ್ಮ ಗಾಡೀದು ರಿವರ್ಸ್ ಲೈಟ್ ಉರೀತಿದೆ. ರಿವರ್ಸ್ ಲೈಟ್ ಹಾಕ್ಕೊಂಡು ಮುಂದಕ್ಕೆ ಹೋಗೋ ಗಾಡೀನ ನಾನಿನ್ನೂ ಮಾರಿಲ್ಲ. ನೀನಾಗಿ ಬಂದು ಹೇಳ್ತೀಯೇನೋ ಅಂತ ಕಾಯ್ತಿದ್ದೆ."

"ಮತ್ತೆ ಅಷ್ಟು ದೊಡ್ಡ ಫೋಟೋ ಯಾಕೆ ಹಾಕಿಸಿದ್ರಿ ಸರ್?"

"ಚೆನ್ನಾಗಿ ಬಂದಿತ್ತು."

ಊರಿನ ಮುಂದೆ

ಮಾಲೀಕರು ಮಾತಿಗೆ ತಪ್ಪುವವರಲ್ಲ. ಗೇಟಿಗೆ ಬೀಗ ಖಂಡಿತ ಎಂದರು. ಆದರೆ ಅದಕ್ಕೆ ಮೊದಲು ಆ ಮನುಷ್ಯನ ಮರ್ಯಾದೆ ವಾಪಸ್ ಕೊಡಬೇಕು ಎಂದೂ ಹೇಳಿದರು. ಮುಂದಿನ ಭಾನುವಾರ ಊರವರೆಲ್ಲರ ಎದುರಿಗೆ ನಾನು ಗಾಡಿಯನ್ನು ಅದೇ ಕೆಸರಿನಲ್ಲಿ ಹೂಳಬೇಕು, ಅವನ ಟ್ರ್ಯಾಕ್ಟರ್ ಅದನ್ನು ಎಳೆಯಬೇಕು, ಆಮೇಲೆ ಬೀಗ, ಆಮೇಲೆ ಯಾರ್ಡು.

ಭಾನುವಾರ ಊರಿಗೆ ಊರೇ ಬದುವಿನ ಮೇಲೆ ಕೂತಿತ್ತು. ಟ್ರ್ಯಾಕ್ಟರಿನವನು ತನ್ನ ಟ್ರ್ಯಾಕ್ಟರಿಗೆ ಸ್ನಾನ ಮಾಡಿಸಿ ಹೂವು ಮುಡಿಸಿದ್ದ. ಬೆಳಿಗ್ಗೆಯಿಂದ ತನ್ನ ಪಂಪ್‌ಸೆಟ್ಟಿನ ನೀರನ್ನು ಓಣಿಗೆ ಬಿಟ್ಟು ಕೆಸರು ಹದ ಮಾಡಿದ್ದ. ಮಾಲೀಕರು ಎದ್ದುನಿಂತು, ಅವತ್ತು ಎಳೆದದ್ದು ಟ್ರ್ಯಾಕ್ಟರೇ, ನಮ್ಮ ಗಾಡಿ ಅಲ್ಲ ಎಂದು ಗಟ್ಟಿಯಾಗಿ ಹೇಳಿದರು. ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕ, "ಬಾಯಲ್ಲಿ ಏಳಿದ್ರೆ ಎಂಗೆ ಸಾಮಿ? ಕಣ್ಣಲ್ಲಿ ನೋಡ್ಬೇಕು" ಅಂದ. ಬೇರೆ ಟ್ರ್ಯಾಕ್ಟರ್ ಕರೆಸಿಕೊಂಡಿದ್ದ ಮೂವರಲ್ಲಿ ಅವನೂ ಒಬ್ಬ.

ನಾನು ಗಾಡಿಯನ್ನು ಓಣಿಗೆ ಇಳಿಸಿದೆ. ಗಾಡಿ ಸರಾಗವಾಗಿ ಏರು ಹತ್ತಿ ಆಚೆ ಹೋಯಿತು. ಸುತ್ತಿ ಬಂದು ಮತ್ತೆ ಇಳಿಸಿದೆ. ಮತ್ತೆ ಹೋಯಿತು. ನಿಧಾನವಾಗಿ ಹೋದೆ, ಜೋರಾಗಿ ಹೋದೆ, ಎಡಕ್ಕೆ ಎಳೆದೆ, ಕೆಸರಿನ ನಡುವೆ ನಿಲ್ಲಿಸಿ ಮತ್ತೆ ಎಬ್ಬಿಸಿದೆ. ಇಡೀ ವೃತ್ತಿಜೀವನದಲ್ಲಿ ಸಿಕ್ಕಿಹಾಕಿಕೊಳ್ಳದಿರಲಿ ಎಂದು ಬೇಡಿಕೊಂಡವನು, ಅವತ್ತು ಒಂದೇ ಒಂದು ಸಲ ಸಿಕ್ಕಿಹಾಕಿಸು ತಾಯಿ ಎಂದು ಬೆಟ್ಟದ ಕಡೆಗೆ ಕೈ ಮುಗಿದೆ. ಆರನೆಯ ಸಲವೂ ಗಾಡಿ ಜುಂ ಎಂದು ಆಚೆ ಹೋಯಿತು. ಬದುವಿನ ಮೇಲೆ ನಗು ಶುರುವಾಯಿತು. ಆಟ ನೋಡಲು ಬಂದಿದ್ದ ಇಬ್ಬರು ಗಿರಾಕಿಗಳು ಚಪ್ಪಾಳೆ ತಟ್ಟಿದರು. ಮಾಲೀಕರು ಕೈಯಲ್ಲಿ ಬೀಗ ಹಿಡಿದುಕೊಂಡು ಏನು ಮಾಡುವುದೆಂದು ತಿಳಿಯದೆ ನಿಂತಿದ್ದರು.

ಟ್ರ್ಯಾಕ್ಟರಿನವನಿಗೆ ತಾಳ್ಮೆ ತಪ್ಪಿತು. "ಅಂಗಲ್ಲ ಕಣಣ್ಣ! ಬಲಗಡೆ ಚಕ್ರ ಆ ಗುಂಡೀಗೆ ಬುಡಬೇಕು, ಆಮೇಕೆ ಏರಿಗೆ ಕೊಡಬೇಕು. ಅವತ್ತು ನೀವು ಸರಿಯಾಗೇ ಮಾಡಿದ್ರಲ್ಲ? ನೋಡ್ಕೊಳಿ, ನಾನು ತೋರಿಸ್ತೀನಿ" ಎಂದು ಟ್ರ್ಯಾಕ್ಟರ್ ಇಳಿಸಿದ. ಬಲಗಡೆ ಚಕ್ರವನ್ನು ಗುಂಡಿಗೆ ಬಿಟ್ಟ. ಏರಿಗೆ ಕೊಟ್ಟ. ಬಹಳ ಸರಿಯಾಗಿ ತೋರಿಸಿದ. ಹಿಂದಿನ ಚಕ್ರ ಅಚ್ಚಿನವರೆಗೆ ಹೂತುಹೋಯಿತು.

ನಗುತ್ತಿದ್ದವರೆಲ್ಲ ಎದ್ದುನಿಂತರು. ಅವನ ಮುಖ ನೋಡಲಾಗದೆ ನಾನು ಗಾಡಿಯಿಂದ ಇಳಿದೆ. ಆಗ ಆ ಮುದುಕ ಎದ್ದು ಬಂದು ಕೆಸರಿನ ಆಳವನ್ನು ಕೋಲಿನಿಂದ ಅಳೆದು ನೋಡಿದ. "ಇದು ಗಾಡಿ ತಪ್ಪೂ ಅಲ್ಲ, ಟ್ರ್ಯಾಕ್ಟರ್ ತಪ್ಪೂ ಅಲ್ಲ. ಈ ಗುಂಡೀಲಿ ಯಾರಿದ್ರೂ ಹೂತ್ಕತಾರೆ. ನಾಳೀಕೆ ನನ್ ಹೊಲಕ್ಕೆ ಬಾರಪ್ಪ, ಅಲ್ಲಿ ಇಂಥ ಗುಂಡಿ ಇಲ್ಲ" ಅಂದ. ಬೇರೆ ಟ್ರ್ಯಾಕ್ಟರ್ ಕರೆಸಿಕೊಂಡಿದ್ದ ಉಳಿದಿಬ್ಬರೂ ತಲೆಯಾಡಿಸಿದರು. ಮಾಲೀಕರು ಬೀಗವನ್ನು ಜೇಬಿಗೆ ಹಾಕಿಕೊಂಡು, "ನಮ್ಮ ಗಾಡೀನ ಇವತ್ತು ಯಾವ ಟ್ರ್ಯಾಕ್ಟರೂ ಎಳೀಲಿಲ್ಲಪ್ಪ" ಎಂದು ನನ್ನತ್ತ ನೋಡದೆ ಹೇಳಿದರು. ನನಗೆ ಹೋದ ಜೀವ ಬಂದಂತಾಯಿತು.

ನಾನೇ ಏರಿನ ಕಡೆಯಿಂದ ಗಾಡಿ ತಂದು ಟ್ರ್ಯಾಕ್ಟರಿನ ಮುಂದೆ ನಿಲ್ಲಿಸಿದೆ, ಅವನೇ ಹಗ್ಗ ಬಿಗಿದ. ಮುಂದೆ ನಮ್ಮ ಗಾಡಿ, ಹಿಂದೆ ಟ್ರ್ಯಾಕ್ಟರ್. ಬದುವಿನ ಮೇಲಿದ್ದ ಅಷ್ಟೂ ಕೈಗಳು ಮೊಬೈಲು ಹಿಡಿದು ಮೇಲಕ್ಕೆದ್ದವು. ಅವನು ಟ್ರ್ಯಾಕ್ಟರಿನ ಸೀಟಿನ ಮೇಲೆ ಎದ್ದುನಿಂತು ಕೂಗಿದ:

"ಯಾರೂ ಫೋಟೋ ತೆಗೀಬ್ಯಾಡಿ ಕಣ್ರೋ! ಇವ್ರ ಗೋಡೆ ಮ್ಯಾಲೆ ಆಗ್ಲೇ ಐತೆ!"